ಮೂಗು ನೆಟ್ಟಗೆ ಮಾಡಿಸಬೇಕು ಅಂತ ಆಸೆ, ಆದರೆ ಕ್ಲಾಟಿಂಗ್ ಪ್ರಾಬ್ಲಂ ಇದೆ. ಏನು ಮಾಡಲಿ?

ಅಂತರಗಂಗೆ ಹುಡುಗಿ (ಕೋಲಾರ)

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ವಯಸ್ಸು 27. ನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಸೆಕ್ಷನ್‌ನಲ್ಲಿ ಕೆಲಸ.

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಮಾವನ ಟಿವಿಎಸ್ ಹಿಂದೆ ಕೂತು ಹೋಗುವಾಗ ಟೇಕಲ್ ರೋಡಿನಲ್ಲಿ ಬಿದ್ದೆ. ಮೂಗಿನ ಮೂಳೆ ಮುರಿದು ಎಡಕ್ಕೆ ವಾಲಿತು, ಹಾಗೇ ಕೂಡಿಕೊಂಡಿತು. ಉಸಿರಾಟಕ್ಕೆ ಏನೂ ತೊಂದರೆ ಇಲ್ಲ. ಆದರೆ ಗ್ರೂಪ್ ಫೋಟೋದಲ್ಲಿ ನಾನು ಯಾವಾಗಲೂ ಎಡತುದಿಯಲ್ಲಿ ನಿಂತು ಮುಖ ತಿರುಗಿಸಿಕೊಳ್ಳುತ್ತೇನೆ. ಗೆಳತಿಯರಿಗೆ ಅದು ಗೊತ್ತಿದೆ, ಜಾಗ ಬಿಟ್ಟಿರುತ್ತಾರೆ. ಮದುವೆಗೋಸ್ಕರ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಚೀಟಿ ಕಟ್ಟಿ ನಾನೇ ದುಡ್ಡು ಕೂಡಿಸಿದ್ದೇನೆ.

ಸಮಸ್ಯೆ ಏನೆಂದರೆ, ಹೋದ ವರ್ಷ ಹಲ್ಲು ಕೀಳಿಸಿದಾಗ ಮೂರು ದಿನ ರಕ್ತ ನಿಲ್ಲಲಿಲ್ಲ. ಆಗ ಟೆಸ್ಟ್ ಮಾಡಿಸಿ ನನಗೆ ಕ್ಲಾಟಿಂಗ್ ಪ್ರಾಬ್ಲಂ ಇದೆ ಅಂದರು. ಈಗ ಬೆಂಗಳೂರಿನಲ್ಲಿ ಇಬ್ಬರು ಸರ್ಜನ್ ಹತ್ತಿರ ಹೋಗಿ ಬಂದೆ. ಒಬ್ಬರು "ಕ್ಲಾಟಿಂಗಾ? ಆಗಲ್ಲಮ್ಮ" ಎಂದು ಪೆನ್ ಕ್ಯಾಪ್ ಹಾಕಿದರು. ಇನ್ನೊಬ್ಬರು "ಅದೆಲ್ಲ ಏನೂ ಆಗಲ್ಲ, ಅಡ್ವಾನ್ಸ್ ಕಟ್ಟಿ ಹೋಗಿ" ಅಂದರು. ಇಬ್ಬರೂ ನನ್ನ ರಿಪೋರ್ಟ್ ಕವರ್ ಬಿಚ್ಚಲೇ ಇಲ್ಲ. ಹಾಗಾಗಿ ಇಬ್ಬರ ಮೇಲೂ ನಂಬಿಕೆ ಬರುತ್ತಿಲ್ಲ.

ಇಂಥ ತೊಂದರೆ ಇದ್ದೂ ಆಪರೇಷನ್ ಮಾಡಿಸಿಕೊಂಡವರು ಯಾರಾದರೂ ಇದ್ದೀರಾ?

ಕೆಜಿಎಫ್ ಬೈಕರ್

ನಮ್ಮ ತಂದೆಗೂ ಕ್ಲಾಟ್ ಆಗಿತ್ತು, ಹಾರ್ಟ್‌ದು. ದಿನಾ ರಾತ್ರಿ ಎಕೋಸ್ಪ್ರಿನ್ ಕೊಡುತ್ತೇವೆ, ಆರಾಮಾಗಿದ್ದಾರೆ. ಆಪರೇಷನ್‌ಗೆ ಮೊದಲು ಒಂದೆರಡು ವಾರ ಅದನ್ನು ತಗೊಂಡು ರಕ್ತ ತೆಳ್ಳಗೆ ಮಾಡಿಕೊಂಡರೆ ಸಾಕಲ್ವಾ?

ಚಿಂತಾಮಣಿ ಅಮ್ಮ

ಬೇಡ ತಂಗಿ. ನಾನು ಅನುಭವಿಸಿದವಳು, ಅದಕ್ಕೇ ಹೇಳ್ತಿದ್ದೇನೆ.

ನನಗೆ ಎರಡನೇ ಸಿಸೇರಿಯನ್ ಆದ ಹದಿನೆಂಟನೇ ದಿನ ಎಡಗಾಲು ಬಾಳೆದಿಂಡಿನ ಹಾಗೆ ಊದಿಕೊಂಡಿತು. ಬಾಣಂತಿ ಅಂತ ಅತ್ತೆ ಮಂಚದಿಂದ ಇಳಿಸುತ್ತಿರಲಿಲ್ಲ. ನೀರು ಕುಡಿದರೆ ಹೊಟ್ಟೆ ಬರುತ್ತದೆ ಅಂತ ದಿನಕ್ಕೆ ಇಷ್ಟೇ ಲೋಟ ಅಂತ ಲೆಕ್ಕ. ಕಾಲು ನೋಯುತ್ತದೆ ಅಂದರೆ ಹರಳೆಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿದರು. ಆಮೇಲೆ ಡಾಪ್ಲರ್ ಸ್ಕ್ಯಾನ್ ಮಾಡಿದ ಡಾಕ್ಟರ್ ತಲೆ ಚಚ್ಚಿಕೊಂಡರು. ಕಾಲಿನ ಒಳನರದಲ್ಲಿ ರಕ್ತ ಗಡ್ಡೆ ಕಟ್ಟಿದೆ, ತಿಕ್ಕಿದರೆ ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದಿತ್ತು ಅಂದರು. ಹೆರಿಗೆ, ಆಪರೇಷನ್, ಮಲಗಿದಲ್ಲೇ ಮಲಗಿದ್ದು, ನೀರು ಕಮ್ಮಿ, ಎಲ್ಲಾ ಸೇರಿತ್ತು.

ಗಡ್ಡೆ ಬೆಳೆಯದ ಹಾಗೆ ಹೊಟ್ಟೆಗೆ ಹೆಪಾರಿನ್ ಇಂಜೆಕ್ಷನ್, ಆಮೇಲೆ ಅದಕ್ಕೇ ಆರು ತಿಂಗಳು ವಾರ್ಫರಿನ್ ಮಾತ್ರೆ. ರಕ್ತ ಎಷ್ಟು ತೆಳ್ಳಗಾಗಿದೆ ಅಂತ ನೋಡಲು ಐಎನ್‌ಆರ್ ಅಂತ ಟೆಸ್ಟ್, 2ರಿಂದ 3ರೊಳಗೆ ಇರಬೇಕು. ನನ್ನದು ಒಂದು ವಾರ 1.4, ಇನ್ನೊಂದು ವಾರ 3.8. ಏನು ತಿಂತೀರಿ ಅಂದರು. ಸೊಪ್ಪಿನ ಸಾರು ಅಂದೆ. ನಮ್ಮ ಕಡೆ ಗೊತ್ತಲ್ಲ, ಬೆರಕೆ ಸೊಪ್ಪು ಸಿಕ್ಕಿದ ವಾರ ಮೂರು ಹೊತ್ತೂ ಅದೇ. ಸೊಪ್ಪಿನ ವಿಟಮಿನ್ ಕೆ ಆ ಮಾತ್ರೆಗೆ ಅಡ್ಡ ಬರುತ್ತದಂತೆ. ಬಿಡಬೇಡಿ, ದಿನಾ ಒಂದೇ ಪ್ರಮಾಣ ತಿನ್ನಿ ಅಂದರು.

ಈಗ ಆಪರೇಷನ್ ವಿಷಯ. ಎರಡು ಹೆರಿಗೆ ಆಗಿ ಹೊಟ್ಟೆ ಜೋತುಬಿದ್ದಿತ್ತು. ಜೋತ ಚರ್ಮ ಕತ್ತರಿಸಿ ಬಿಗಿ ಮಾಡುವ ಟಮ್ಮಿ ಟಕ್ ಮಾಡಿಸೋಣ ಅಂತ ಹೋದೆ. ಆ ಸರ್ಜನ್ ಒಳ್ಳೆಯವರು. ಒಂದು ಹಾಳೆ ತೆಗೆದು ಅಂಕ ಹಾಕುತ್ತಾ ಹೋದರು. ಗಡ್ಡೆ ಕಟ್ಟುವ ಅಪಾಯ ಅಳೆಯುವ ಕ್ಯಾಪ್ರಿನಿ ಸ್ಕೋರ್ ಅಂತ. ಹಿಂದೆ ಕಾಲಲ್ಲಿ ಗಡ್ಡೆ ಕಟ್ಟಿದ್ದಕ್ಕೆ 3, ಮುಕ್ಕಾಲು ಗಂಟೆಗಿಂತ ಜಾಸ್ತಿ ಹೊತ್ತಿನ ಆಪರೇಷನ್‌ಗೆ 2, ತೂಕಕ್ಕೆ 1, ಕಾಲು ಊತಕ್ಕೆ 1. ಒಟ್ಟು 7, ಅಂದರೆ ಅಪಾಯ ಜಾಸ್ತಿ. ಚಂದಕ್ಕೆ ಮಾಡಿಸುವ ಆಪರೇಷನ್‌ಗಳಲ್ಲಿ ಗಡ್ಡೆ ಕಟ್ಟುವ ಅಪಾಯ ಜಾಸ್ತಿ ಇರುವುದೇ ಈ ಹೊಟ್ಟೆಯದರಲ್ಲಿ ಅಂದರು. ಮಾಡಲೇಬೇಕೆಂದರೆ ಇಂಜೆಕ್ಷನ್ ಕೊಟ್ಟು ಮಾಡಬಹುದು, ಆದರೆ ನಿಮ್ಮ ಜಾಗದಲ್ಲಿ ನನ್ನ ತಂಗಿ ಇದ್ದರೆ ಬೇಡ ಅನ್ನುತ್ತಿದ್ದೆ ಅಂದರು. ಮನೆಗೆ ಬಂದು ಒಂದು ರಾತ್ರಿ ಅಳುತ್ತಾ ಕೂತೆ. ಆಮೇಲೆ ಫಿಸಿಯೋ ಹತ್ತಿರ ಹೋಗಿ ವ್ಯಾಯಾಮ ಕಲಿತೆ. ಚರ್ಮ ಹಾಗೇ ಇದೆ, ಸೊಂಟನೋವು ಹೋಗಿದೆ.

ನೈಟ್ ಡ್ಯೂಟಿ ಸಿಸ್ಟರ್

ಎಲ್ಲರೂ ಒಂದು ನಿಮಿಷ ನಿಲ್ಲಿ!

ಬೈಕರ್ ತಮ್ಮಾ, ದಯವಿಟ್ಟು ಆ ಎಕೋಸ್ಪ್ರಿನ್ ಸಲಹೆ ಹಿಂದಕ್ಕೆ ತಗೋ. ಚಿಂತಾಮಣಿ ಅಕ್ಕ ಹೇಳಿದ್ದು ಅಕ್ಕನ ವಿಷಯದಲ್ಲಿ ನೂರಕ್ಕೆ ನೂರು ಸರಿ, ಆದರೆ ಈ ಹುಡುಗಿಯದು ಅದಕ್ಕೆ ಉಲ್ಟಾ ಇರಬಹುದು.

"ಕ್ಲಾಟಿಂಗ್ ಪ್ರಾಬ್ಲಂ" ಎಂಬ ಮಾತೇ ದಾರಿ ತಪ್ಪಿಸುತ್ತದೆ. ಕನ್ನಡದಲ್ಲಿ "ರಕ್ತ ಹೆಪ್ಪುಗಟ್ಟುವ ತೊಂದರೆ" ಅಂದರೂ ಅಷ್ಟೇ. ಬೇಡದ ಕಡೆ ಹೆಪ್ಪುಗಟ್ಟುತ್ತದೋ, ಬೇಕಾದಾಗ ಹೆಪ್ಪುಗಟ್ಟುವುದಿಲ್ಲವೋ? ಹಾಲು ಹೆಪ್ಪು ಹಾಕುವ ಮುಂಚೆಯೇ ಒಡೆಯುವುದು ಬೇರೆ, ರಾತ್ರಿಯೆಲ್ಲ ಇಟ್ಟರೂ ಮೊಸರಾಗದೇ ಇರುವುದು ಬೇರೆ. ಮೊದಲನೆಯವರಿಗೆ ರಕ್ತ ತೆಳ್ಳಗಾಗುವ ಔಷಧಿ ಪ್ರಾಣ ಉಳಿಸುತ್ತದೆ. ಎರಡನೆಯವರಿಗೆ ಅದೇ ಔಷಧಿ ವಿಷ. ರಕ್ತ ಸೋರುವುದನ್ನು ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆಯಲ್ಲ, ಎರಡನೆಯವರಿಗೆ ಒಳ್ಳೆಯದು, ಚಿಂತಾಮಣಿ ಅಕ್ಕನಂಥವರಿಗೆ ಸುಮ್ನೆ ಕೊಡುವ ಹಾಗಿಲ್ಲ.

ತಂಗಿ, ನಿನ್ನ ರಿಪೋರ್ಟ್‌ನಲ್ಲಿ ಏನಿದೆ ಎಂದು ಇದ್ದದ್ದು ಇದ್ದ ಹಾಗೆ ಇಲ್ಲಿ ಬರಿ. ಹೆಸರು, ಆಸ್ಪತ್ರೆ ಬೇಡ.

ಅಂತರಗಂಗೆ ಹುಡುಗಿ

ಅಯ್ಯೋ, ಅದು ಎರಡು ಥರ ಅಂತಲೇ ನನಗೆ ಗೊತ್ತಿರಲಿಲ್ಲ ಸಿಸ್ಟರ್.

ಪಿಟಿ ನಾರ್ಮಲ್. ಎಪಿಟಿಟಿ ನಾರ್ಮಲ್. ಎರಡೂ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಅಂತ ನೋಡುವ ಟೆಸ್ಟ್ ಅಂತೆ. ಪ್ಲೇಟ್‌ಲೆಟ್ 2.6 ಲಕ್ಷ. ಕೊನೆಯ ಹಾಳೆಯಲ್ಲಿ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ 19 ಅಂತ ಇದೆ, ಪಕ್ಕದಲ್ಲಿ ಕೆಳಗಿಳಿಯುವ ಬಾಣದ ಗುರುತು. ರಕ್ತದ ಗುಂಪು ಓ ಪಾಸಿಟಿವ್.

ಇನ್ನೂ ಕೆಲವು ಹೇಳಬೇಕು. ಚಿಕ್ಕವಳಿದ್ದಾಗಿಂದ ಬೇಸಿಗೆಯಲ್ಲಿ ಮೂಗಿನಲ್ಲಿ ರಕ್ತ ಬರುತ್ತಿತ್ತು. ಮನೆಯಲ್ಲಿ ಉಷ್ಣ ಅನ್ನುತ್ತಿದ್ದರು. ತಲೆ ಹಿಂದಕ್ಕೆ ಹಾಕಿ ಮಲಗಿಸಿ ನೆತ್ತಿಗೆ ತಣ್ಣೀರು, ಕುಡಿಯಲು ಕಾಮಕಸ್ತೂರಿ ಬೀಜದ ಪಾನಕ. ಮೂಗು ಚುಚ್ಚಿಸಿದಾಗ ಎರಡು ದಿನ ಸೋರಿತು. ಪೀರಿಯಡ್ಸ್ ಬಂದರೆ ಮೊದಲ ಎರಡು ದಿನ ಗಂಟೆಗೊಂದು ಪ್ಯಾಡ್. ಎಲ್ಲರಿಗೂ ಹಾಗೇ ಅಂದುಕೊಂಡಿದ್ದೆ.

ಕೆಜಿಎಫ್ ಬೈಕರ್

ಹಿಂದಕ್ಕೆ ತಗೊಂಡೆ ಸಿಸ್ಟರ್. ಸಾರಿ.

ರಕ್ತಬೀಜ (ತಿಪಟೂರು)

ಸ್ವಾಗತ ಸ್ವಾಗತ! ನಮ್ಮ ಜಾತಿಗೆ ಇನ್ನೊಬ್ಬರು ಸೇರಿದರು. ನನ್ನದು ಹಿಮೋಫಿಲಿಯಾ ಎ, ಮೈಲ್ಡ್. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್‌ಗಳಿಗೆ ಫ್ಯಾಕ್ಟರ್ ಅನ್ನುತ್ತಾರೆ, ನನ್ನಲ್ಲಿ ಫ್ಯಾಕ್ಟರ್ 8 ಶೇಕಡಾ 9 ಇದೆ. ಪುರಾಣದ ರಕ್ತಬೀಜನ ರಕ್ತ ನೆಲಕ್ಕೆ ಬಿದ್ದರೆ ಹೊಸ ರಾಕ್ಷಸ ಹುಟ್ಟುತ್ತಿದ್ದ, ನನ್ನದು ಬಿದ್ದರೆ ಬರೀ ಹೆಂಡತಿಯ ಬೈಗುಳ ಹುಟ್ಟುತ್ತದೆ.

ವಾನ್ ವಿಲ್ಲೆಬ್ರಾಂಡ್ ಅನ್ನುವುದು ಫಿನ್ಲೆಂಡಿನ ಒಬ್ಬ ಡಾಕ್ಟರ ಹೆಸರು. ಎರಿಕ್ ವಾನ್ ವಿಲ್ಲೆಬ್ರಾಂಡ್. ಓಲಂಡ್ ದ್ವೀಪದ ಒಂದು ಕುಟುಂಬದ ಚಿಕ್ಕ ಹುಡುಗಿಯನ್ನು ನೋಡಿ 1926ರಲ್ಲಿ ಬರೆದರು. ಹಿಮೋಫಿಲಿಯಾ ಹೆಚ್ಚಾಗಿ ಗಂಡಸರಿಗೆ, ಇದು ಗಂಡು ಹೆಣ್ಣು ಇಬ್ಬರಿಗೂ ಬರುತ್ತದೆ. ಗಾಯ ಆದಾಗ ಪ್ಲೇಟ್‌ಲೆಟ್‌ಗಳು ಬಂದು ಅಂಟಿಕೊಳ್ಳಬೇಕಲ್ಲ, ಆ ಅಂಟು ಈ ಫ್ಯಾಕ್ಟರ್. ಅಂಟು ಕಮ್ಮಿ ಆದರೆ ಮೂಗು, ಬಾಯಿ, ಗರ್ಭಕೋಶದಂಥ ಒದ್ದೆ ಜಾಗಗಳಲ್ಲಿ ಸೋರುತ್ತಲೇ ಇರುತ್ತದೆ.

ನನ್ನ ಚಂದದ ಕಥೆ ಕೇಳಿ. 32ಕ್ಕೆ ತಲೆ ಬೋಳಾಯಿತು. ಹೇರ್ ಟ್ರಾನ್ಸ್‌ಪ್ಲಾಂಟ್ ಕ್ಲಿನಿಕ್‌ಗೆ ಹೋದೆ. 2,500 ಗ್ರಾಫ್ಟ್ ಬೇಕು ಅಂದರು. ನಾನು ಲೆಕ್ಕ ಹಾಕಿದೆ. ಹಿಂದಿನಿಂದ ಕೀಳಲು 2,500 ತೂತು, ಮುಂದೆ ನೆಡಲು 2,500 ತೂತು. ಐದು ಸಾವಿರ ತೂತಿನ ಜರಡಿ ಆಗಬೇಕು ನನ್ನ ತಲೆ. ಮಾಡುವ ಡಾಕ್ಟರ್ ಇಲ್ಲವೆಂದಲ್ಲ. ಆದರೆ ಅದಕ್ಕೆ ದಿನಗಟ್ಟಲೆ ಫ್ಯಾಕ್ಟರ್ ಹಾಕಬೇಕು, ನನ್ನ ದುಡ್ಡಲ್ಲಿ. ಸರ್ಕಾರದಿಂದ ಬರುವ ಫ್ಯಾಕ್ಟರ್ ಕೇಳೋಣ ಅಂದುಕೊಂಡೆ. ಆಮೇಲೆ ನನಗೇ ನಾಚಿಕೆ ಆಯಿತು. ಮಂಡಿಯೊಳಗೆ ರಕ್ತ ತುಂಬಿಕೊಂಡು ಅಳುವ ಮಗುವಿನ ಬಾಟಲಿಯಲ್ಲಿ ನನ್ನ ಕೂದಲು ಬೆಳೆಯಬೇಕಾ? ಪೂರ್ತಿ ಬೋಳಿಸಿಕೊಂಡೆ. ಈಗ ಮಗ ತಲೆ ಮೇಲೆ ತಬಲ ಬಾರಿಸುತ್ತಾನೆ.

ಆದರೆ ನಿನ್ನದು ಅಷ್ಟು ಕಷ್ಟದ್ದಲ್ಲದೇ ಇರಬಹುದಮ್ಮ. ಡೆಸ್ಮೋಪ್ರೆಸಿನ್ ಅಂತ ಒಂದು ಇಂಜೆಕ್ಷನ್ ಇದೆ. ರಕ್ತನಾಳದ ಗೋಡೆಯಲ್ಲಿ ಬಚ್ಚಿಟ್ಟಿರುವ ಈ ಫ್ಯಾಕ್ಟರನ್ನು ಅದು ಹೊರಗೆ ಹಾಕಿಸುತ್ತದೆ, ಬೇರೆಯವರ ರಕ್ತದ್ದು ಬೇಕಾಗಲ್ಲ. ಮೈಲ್ಡ್ ಹಿಮೋಫಿಲಿಯಾ ಇರುವ ನನ್ನಂಥ ಕೆಲವರಿಗೂ ಕೆಲಸ ಮಾಡುತ್ತದೆ. ಹಲ್ಲು ಕೀಳಿಸುವಾಗ ಹಾಕಿಸಿಕೊಂಡಿದ್ದೆ. ಮುಖ ಕೆಂಪಾಗಿ ತಲೆನೋವು ಬಂತು, ಅಷ್ಟೇ. ಒಂದು ಎಚ್ಚರಿಕೆ: ಆ ಇಂಜೆಕ್ಷನ್ ಆದಮೇಲೆ ಮೂತ್ರ ಕಮ್ಮಿಯಾಗಿ ನೀರು ಮೈಯಲ್ಲೇ ಉಳಿಯುತ್ತದೆ, 24 ಗಂಟೆ ನೀರು ಮಿತಿಯಲ್ಲಿ ಕುಡಿಯಬೇಕು. ನಾನು ತಿಪಟೂರಿನವನು. ಹಲ್ಲು ಕಿತ್ತಿದ್ದಾರೆ, ಅಗಿಯೋಕೆ ಆಗಲ್ಲ ಅಂತ ನಾಲ್ಕು ಎಳನೀರು ಇಳಿಸಿದೆ. ರಾತ್ರಿ ವಾಂತಿ, ತಲೆ ಗಿರ್ ಅಂತು. ಸೋಡಿಯಂ ಇಳಿದಿತ್ತು.

ಮುಳಬಾಗಿಲು ಮೇಷ್ಟ್ರು

ಎಲ್ಲಾ ಓದಿದೆ. ಕೇಳಬಾರದು, ಆದರೂ ಕೇಳುತ್ತೇನೆ. ದೇವರು ಕೊಟ್ಟ ಮೂಗು, ಉಸಿರಾಡುತ್ತಿದೆ. ಜೀವಕ್ಕೆ ಅಪಾಯ ತಂದುಕೊಂಡು ಅದನ್ನು ನೆಟ್ಟಗೆ ಮಾಡಿಸಲೇಬೇಕಾ ಮಗಳೇ? ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ.

ಅಂತರಗಂಗೆ ಹುಡುಗಿ

ಮೇಷ್ಟ್ರೇ, ದೇವರು ಕೊಟ್ಟಿದ್ದು ನೆಟ್ಟಗೇ ಇತ್ತು. ಟೇಕಲ್ ರೋಡಿನ ಗುಂಡಿ ಇದನ್ನು ಕೊಟ್ಟಿದ್ದು.

ಬೇಜಾರು ಮಾಡ್ಕೋಬೇಡಿ. ಮನೆಯಲ್ಲೂ ಇದೇ ಮಾತು. ಜೀವಕ್ಕೆ ಅಪಾಯ ಇದ್ದರೆ ನನಗೂ ಬೇಡ. ಎಷ್ಟು ಅಪಾಯ ಅಂತ ಗೊತ್ತು ಮಾಡಿಕೊಳ್ಳದೆ ಬೇಡ ಅನ್ನುವುದೂ ನನಗೆ ಇಷ್ಟ ಇಲ್ಲ.

ಮುಳಬಾಗಿಲು ಮೇಷ್ಟ್ರು

ಸರಿಯಾದ ಮಾತು. ನಾನು ಸೋತೆ. ನಮ್ಮ ಕಾಲದಲ್ಲಿ ಇರಲಿಲ್ಲ ಅಂದದ್ದೂ ತಪ್ಪೇ. ಸುಶ್ರುತ ಸಂಹಿತೆಯಲ್ಲೇ ತುಂಡಾದ ಮೂಗಿಗೆ ಚರ್ಮ ಕೂಡಿಸುವ ವಿಧಾನ ಇದೆ. ಇನ್ನೊಂದು ನಮ್ಮ ಸೀಮೆಯ ಚರಿತ್ರೆಗೆ ಅಂಟಿಕೊಂಡದ್ದು. ಹೈದರಾಲಿ ಹುಟ್ಟಿದ್ದು ಬಂಗಾರಪೇಟೆ ಹತ್ತಿರದ ಬೂದಿಕೋಟೆಯಲ್ಲಿ ಅಲ್ವಾ? ಅವನ ಮಗ ಟಿಪ್ಪುವಿಗೂ ಇಂಗ್ಲಿಷರಿಗೂ ಯುದ್ಧ ನಡೆದಾಗ ಕೌವಾಸ್ಜಿ ಎಂಬ ಎತ್ತಿನಗಾಡಿಯವನು ಇಂಗ್ಲಿಷರ ಕಡೆ ಇದ್ದ. ಅವನು ಸೆರೆಸಿಕ್ಕಿ ಮೂಗು ಕಳೆದುಕೊಂಡ. ಪುಣೆಯ ಕಡೆ ಒಬ್ಬ ನಾಟಿ ವೈದ್ಯ ಹಣೆಯ ಚರ್ಮ ಇಳಿಸಿ ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ಅದನ್ನು ಚಿತ್ರ ಸಮೇತ ಅಚ್ಚು ಹಾಕಿತು. ಯುರೋಪಿನ ಡಾಕ್ಟರುಗಳು ಅದನ್ನು ನೋಡಿ ಕಲಿತರು. ಮೂಗು ಅಂದರೆ ಮನುಷ್ಯನಿಗೆ ಮಾನವೇ. ಮಾತಲ್ಲೂ ಹಾಗೇ ಅಲ್ವಾ, ಮೂಗು ಕೊಯ್ದ ಹಾಗಾಯಿತು ಅನ್ನುತ್ತೇವೆ.

ನೈಟ್ ಡ್ಯೂಟಿ ಸಿಸ್ಟರ್

ಡ್ಯೂಟಿ ಮುಗಿಸಿ ಬಂದು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ವಾರ್ಡಿನಲ್ಲಿ ನೋಡಿದ್ದು ಕೇಳಿದ್ದು ಹೇಳುತ್ತೇನೆ.

ಮೊದಲು ಆ 19. ರಕ್ತ ಎಲ್ಲಿ ತೆಗೆದರು, ಹೇಗೆ ಕಳಿಸಿದರು? ಕೋಲಾರದಲ್ಲಿ ಟ್ಯೂಬಿಗೆ ತುಂಬಿ, ಐಸ್ ಡಬ್ಬದಲ್ಲಿಟ್ಟು ಬೆಂಗಳೂರಿಗೆ ಕಳಿಸಿದ್ದರೆ ಆ ನಂಬರನ್ನು ನಂಬಬೇಡ. ಬೇರ್ಪಡಿಸದ ರಕ್ತವನ್ನು ತಣ್ಣಗಿಟ್ಟರೆ ಈ ಫ್ಯಾಕ್ಟರ್ ಇದ್ದದ್ದಕ್ಕಿಂತ ಕಮ್ಮಿ ತೋರಿಸುತ್ತದೆ. ಇನ್ನೊಂದು ಕಡೆ ಹೆದರಿಕೆ, ಜ್ವರ, ಬಸಿರು, ಹಾರ್ಮೋನ್ ಮಾತ್ರೆ ಇದ್ದರೆ ಜಾಸ್ತಿ ತೋರಿಸುತ್ತದೆ. ಓ ಗುಂಪಿನವರಿಗೆ ಹುಟ್ಟಿನಿಂದಲೇ ಬೇರೆಯವರಿಗಿಂತ ಸುಮಾರು ಕಾಲು ಭಾಗ ಕಮ್ಮಿ. ಅದಕ್ಕೇ ಒಂದೇ ಟೆಸ್ಟ್ ನಂಬಿ ಜೀವನಪೂರ್ತಿಯ ಹಣೆಪಟ್ಟಿ ಕಟ್ಟಿಕೊಳ್ಳಬಾರದು. ಲ್ಯಾಬ್ ಇರುವ ಆಸ್ಪತ್ರೆಯಲ್ಲೇ ಕೂತು ರಕ್ತ ಕೊಡು. ಫ್ಯಾಕ್ಟರ್ ಎಷ್ಟಿದೆ ಅನ್ನುವುದರ ಜೊತೆ ಎಷ್ಟು ಕೆಲಸ ಮಾಡುತ್ತಿದೆ ಅನ್ನುವ ಟೆಸ್ಟೂ ಬೇಕು, ಫ್ಯಾಕ್ಟರ್ 8ದೂ ಬೇಕು. ಪಿಟಿ, ಎಪಿಟಿಟಿ ನಾರ್ಮಲ್ ಇದ್ದ ಮಾತ್ರಕ್ಕೆ ಈ ಕಾಯಿಲೆ ಇಲ್ಲ ಅಂತಲ್ಲ. ನಿನ್ನ ಎರಡನೇ ಸರ್ಜನ್ ರಿಪೋರ್ಟ್ ಬಿಚ್ಚಿದ್ದರೂ ಬಹುಶಃ ಆ ಎರಡನ್ನೇ ನೋಡುತ್ತಿದ್ದರು.

ಎರಡನೆಯದು ಜಾಗ. ಇದೇ ಮುಖ್ಯ. ಇದೇ ತೊಂದರೆ ಇರುವವರು ಕೈ ಮೇಲಿನ ಮಚ್ಚೆ ತೆಗೆಸುವುದಕ್ಕೂ ಮೂಗು ಮಾಡಿಸುವುದಕ್ಕೂ ಅಜಗಜಾಂತರ. ಕೈಗೆ ಒತ್ತಿ ಹಿಡಿಯಬಹುದು. ಮೂಗಿನೊಳಗೆ ಎಲ್ಲಿ ಒತ್ತುತ್ತೀಯ? ಮೂಳೆ ಕೂಡ ಕತ್ತರಿಸಬೇಕಾಗುತ್ತದೆ. ಎರಡು ಹೊಳ್ಳೆಗಳ ನಡುವಿನ ಗೋಡೆಯಲ್ಲಿ ರಕ್ತ ಕಟ್ಟಿಕೊಂಡು ಅದನ್ನು ಬೇಗ ತೆಗೆಯದೆ ಹೋದರೆ ಒಳಗಿನ ಮೃದುಮೂಳೆಗೆ ಪೋಷಣೆ ಸಿಗದೆ ಸಾಯುತ್ತದೆ, ಮೂಗಿನ ನಡು ಕುಸಿಯುತ್ತದೆ. ಅಂದರೆ ಪ್ರಾಣಕ್ಕೆ ಏನೂ ಆಗದಿದ್ದರೂ, ಯಾವ ಚಂದಕ್ಕೆ ಹೋದೆಯೋ ಅದೇ ಕೆಡಬಹುದು. ಇದನ್ನು ಸರ್ಜನ್ ಹತ್ತಿರ ನೇರವಾಗಿ ಕೇಳು.

ಮತ್ತೆ ಈ ರಕ್ತ ಆಪರೇಷನ್ ಟೇಬಲ್ ಮೇಲೇ ಬರಬೇಕೆಂದಿಲ್ಲ. ಮನೆಗೆ ಹೋಗಿ ಏಳೆಂಟು ದಿನ ಆದಮೇಲೆ, ಒಳಗಿನ ಹಕ್ಕಳೆ ಬಿಡುವಾಗ ಬರಬಹುದು. ಅಷ್ಟು ದಿನ ಆಸ್ಪತ್ರೆಗೆ ಹತ್ತಿರ ಇರಬೇಕು.

ನೋವಿಗೆ ಕಾಂಬಿಫ್ಲಾಮ್ ಬೇಡ, ಅದರಲ್ಲಿ ಐಬುಪ್ರೊಫೆನ್ ಇದೆ. ಪ್ಯಾರಾಸಿಟಮಾಲ್ ಸಾಕು. ಸೊಂಟಕ್ಕೆ ಡೈಕ್ಲೋ ಇಂಜೆಕ್ಷನ್ ಅಂತ ಯಾರಾದರೂ ಬಂದರೆ ಎದ್ದು ಓಡು. ಮಾಂಸದೊಳಗೆ ಚುಚ್ಚಿದರೆ ನಿಂಬೆಹಣ್ಣಿನಷ್ಟು ರಕ್ತ ಕಟ್ಟಿದ್ದು ನಾನೇ ನೋಡಿದ್ದೇನೆ.

ಮೂಗಿನಲ್ಲಿ ರಕ್ತ ಬಂದಾಗ ತಲೆ ಹಿಂದಕ್ಕೆ ಹಾಕಬೇಡ. ಮುಂದಕ್ಕೆ ಬಗ್ಗಿ, ಮೂಗಿನ ಮೆತ್ತನೆ ಭಾಗ ಹಿಡಿದು ಹತ್ತು ಹದಿನೈದು ನಿಮಿಷ ಬಿಡದೆ ಒತ್ತು. ನಡುನಡುವೆ ನಿಂತಿತಾ ಅಂತ ಬಿಟ್ಟು ನೋಡಬಾರದು. ಪಾನಕ ಬೇಕಾದರೆ ಆಮೇಲೆ ಕುಡಿ.

ರಕ್ತದ ಡಾಕ್ಟರಿಗೆ ಹೆಮಟಾಲಜಿಸ್ಟ್ ಅನ್ನುತ್ತಾರೆ. ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ಇದೆ. ವೆಲ್ಲೂರಿನ ಸಿಎಂಸಿಯ ಹೆಮಟಾಲಜಿ ವಿಭಾಗ ಹೆಸರಾದದ್ದು, ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ಕಾಟ್ಪಾಡಿಯಲ್ಲಿ ಇಳಿಯಬಹುದು.

ಪಾಲಿಸಿ ಮಾಮ

ಒಂದೇ ಮಾತು. ಕಂಪನಿ ಇನ್ಷೂರೆನ್ಸ್ ಇದೆ ಅಂತ ನೆಚ್ಚಿಕೊಳ್ಳಬೇಡಿ. ಚಂದಕ್ಕೆ ಮಾಡಿಸುವ ಸರ್ಜರಿ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಹೊರಗೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದಮೇಲೆ ಸರಿಪಡಿಸುವುದಕ್ಕೆ ವಿನಾಯಿತಿ ಇರುತ್ತದೆ. ನಿಮ್ಮದು ಅಪಘಾತದ ಮೂಗು! ಆಗಿನ ಎಕ್ಸ್‌ರೇ, ಚೀಟಿ ಏನಾದರೂ ಇದ್ದರೆ ಹುಡುಕಿ. ಆಪರೇಷನ್‌ಗೆ ಮೊದಲೇ ಲಿಖಿತವಾಗಿ ಕೇಳಿ, ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಕೆಜಿಎಫ್ ಬೈಕರ್

ಅಕ್ಕಾ, ಈ ಸಲ ಹುಷಾರಾಗಿ ಕೇಳುತ್ತೇನೆ. ಆಪರೇಷನ್ ಇಲ್ಲದೆ ಬರೀ ಇಂಜೆಕ್ಷನ್‌ನಲ್ಲಿ ಮೂಗು ಸರಿ ಮಾಡುತ್ತಾರಂತಲ್ಲ, ಫಿಲ್ಲರ್?

ನೈಟ್ ಡ್ಯೂಟಿ ಸಿಸ್ಟರ್

ಮಾಡುತ್ತಾರೆ. ಹಳ್ಳ ತುಂಬಿಸಿ ನೆಟ್ಟಗಿರುವ ಹಾಗೆ ಕಾಣಿಸುತ್ತಾರೆ, ವಾಲಿದ ಮೂಳೆ ಅಲ್ಲೇ ಇರುತ್ತದೆ. ವರ್ಷ ಒಂದೂವರೆ ವರ್ಷಕ್ಕೆ ಕರಗುತ್ತದೆ. ಅಪರೂಪಕ್ಕೆ ಅದು ರಕ್ತನಾಳದೊಳಗೆ ಹೋದರೆ ಚರ್ಮ ಸಾಯಬಹುದು, ಕಣ್ಣೇ ಹೋಗಬಹುದು. ಬ್ಯೂಟಿ ಪಾರ್ಲರ್‌ನಲ್ಲಂತೂ ಬೇಡವೇ ಬೇಡ.

ಅಂತರಗಂಗೆ ಹುಡುಗಿ (ಐದು ವಾರದ ನಂತರ)

ವೆಲ್ಲೂರಿಗೆ ಹೋಗಿ ಬಂದೆವು. ಅಮ್ಮನೂ ಬಂದಿದ್ದರು, ಬುತ್ತಿಗೆ ಪುಳಿಯೋಗರೆ ಕಟ್ಟಿಕೊಂಡು.

ಸಿಸ್ಟರ್, ನಿಮ್ಮ ಬಾಯಿಗೆ ಸಕ್ಕರೆ. ಐಸ್ ಡಬ್ಬದ ವಿಷಯ ಹೇಳಿದ ತಕ್ಷಣ ಡಾಕ್ಟರ್ ನಕ್ಕರು. ಹೊಸ ಟೆಸ್ಟ್‌ನಲ್ಲಿ 38 ಬಂತು. ಕಾಯಿಲೆ ಇಲ್ಲವೆಂದಲ್ಲ. 50ಕ್ಕಿಂತ ಕಮ್ಮಿ ಇದ್ದು ಇಷ್ಟೆಲ್ಲಾ ರಕ್ತದ ಕಥೆ ಇದ್ದರೆ ಇದೆ ಅಂತಲೇ ಲೆಕ್ಕ. ಟೈಪ್ 1, ಹಗುರದ್ದು.

ಮರುದಿನ ಡೆಸ್ಮೋಪ್ರೆಸಿನ್ ಪರೀಕ್ಷೆ. ಡ್ರಿಪ್‌ನಲ್ಲಿ ನಿಧಾನಕ್ಕೆ ಕೊಟ್ಟು, ಒಂದು ಗಂಟೆ ಆದಮೇಲೆ ಒಮ್ಮೆ, ನಾಲ್ಕು ಗಂಟೆ ಆದಮೇಲೆ ಒಮ್ಮೆ ರಕ್ತ ತೆಗೆದರು. 38 ಇದ್ದದ್ದು ಒಂದು ಗಂಟೆಗೆ 104, ನಾಲ್ಕು ಗಂಟೆಗೆ 82. ಮುಖ ಟೊಮೆಟೊ ಥರ ಆಗಿತ್ತು. ರಕ್ತಬೀಜ ಅಣ್ಣ, ಎಳನೀರು ಮುಟ್ಟಲಿಲ್ಲ.

ಅವರು ಆಗಲ್ಲ ಅನ್ನಲಿಲ್ಲ, ಏನೂ ಆಗಲ್ಲ ಅಂತಲೂ ಅನ್ನಲಿಲ್ಲ. ಒಂದು ಪುಟ ಬರೆದು ಕೊಟ್ಟರು. ಆಪರೇಷನ್ ಲ್ಯಾಬ್ ಮತ್ತು ಬ್ಲಡ್ ಬ್ಯಾಂಕ್ ಇರುವ ಆಸ್ಪತ್ರೆಯಲ್ಲೇ ಆಗಬೇಕು, ಕ್ಲಿನಿಕ್‌ನಲ್ಲಿ ಅಲ್ಲ. ಯಾವ ಹೊತ್ತಿಗೆ ಇಂಜೆಕ್ಷನ್, ಆಮೇಲೆ ಯಾವಾಗ ಟೆಸ್ಟ್. ಕನಿಷ್ಠ ಮೂರು ದಿನ ಫ್ಯಾಕ್ಟರ್ 50ಕ್ಕಿಂತ ಕೆಳಗೆ ಇಳಿಯಬಾರದು. ಡೆಸ್ಮೋಪ್ರೆಸಿನ್ ಪದೇ ಪದೇ ಕೊಟ್ಟರೆ ಬಚ್ಚಿಟ್ಟದ್ದು ಖಾಲಿಯಾಗಿ ಕೆಲಸ ಮಾಡುವುದು ಕಮ್ಮಿ ಆಗುತ್ತದಂತೆ, ಅದಕ್ಕೇ ಫ್ಯಾಕ್ಟರ್ ಬಾಟಲಿಯೂ ರೆಡಿ ಇರಬೇಕು. ಟ್ರಾನೆಕ್ಸಾಮಿಕ್ ಮಾತ್ರೆ ಹತ್ತು ದಿನ. ಕೊನೆಯ ಸಾಲು: ವಾರದ ಶುರುವಿನಲ್ಲಿ, ಬೆಳಗ್ಗೆ ಮಾಡಬೇಕು. ಶುಕ್ರವಾರ ಮಾಡಿ ಭಾನುವಾರ ರಕ್ತ ಬಂದರೆ ಟೆಸ್ಟ್ ಮಾಡುವವರು ಇರುವುದಿಲ್ಲ!

ಇನ್ನೊಂದು ವಿಷಯ. ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಮನೆಯಲ್ಲಿ ಇನ್ಯಾರಿಗಾದರೂ ಇದೆಯಾ ಅಂತ ಡಾಕ್ಟರ್ ಕೇಳಿದರು. ಅಮ್ಮ ಯಾರಿಗೂ ಇಲ್ಲ ಅಂದರು. ನಿಮಗೆ ತಿಂಗಳ ಮುಟ್ಟು ಹೇಗಿತ್ತು ಅಂದರು. ಅಮ್ಮ ಮೆಲ್ಲಗೆ, "ಅದು ನಮ್ಮ ಮನೆ ಹೆಂಗಸರಿಗೆಲ್ಲ ಇರೋದೇ" ಅಂದರು. ಅಜ್ಜಿ ಮುಟ್ಟಾದಾಗ ಗೋಣಿಚೀಲದ ಮೇಲೆ ಕೂರುತ್ತಿದ್ದರಂತೆ. ಅಮ್ಮನಿಗೆ 36ಕ್ಕೇ ಗರ್ಭಕೋಶ ತೆಗೆದಿದ್ದಾರೆ, ಆಗ ಮೂರು ಬಾಟಲಿ ರಕ್ತ ಹಾಕಿದ್ದರು. ಗರ್ಭಕೋಶ ಕೆಟ್ಟಿದೆ ಅಂತ ಅಂದಿದ್ದರಂತೆ. ಡಾಕ್ಟರ್ ಏನೂ ಹೇಳದೆ ಅಮ್ಮನ ಹೆಸರಿಗೂ ಒಂದು ಚೀಟಿ ಬರೆದರು. ಅಮ್ಮನದು 42. ವಯಸ್ಸಾದಂತೆ ಸ್ವಲ್ಪ ಏರುತ್ತದಂತೆ, 52ರಲ್ಲಿ ಇಷ್ಟಿದ್ದರೆ ಆಗ ಇನ್ನೂ ಕಮ್ಮಿ ಇದ್ದಿರಬೇಕು.

ವಾಪಸ್ ಬರುವಾಗ ರೈಲಿನಲ್ಲಿ ಅಮ್ಮ ಕಿಟಕಿ ನೋಡುತ್ತಾ ಕೂತಿದ್ದರು. ಕುಪ್ಪಂ ದಾಟಿದ ಮೇಲೆ "ಹಂಗಾದ್ರೆ ಅದು ಉಷ್ಣ ಅಲ್ವಾ?" ಅಂದರು. ಅಷ್ಟೇ.

ಚಿಂತಾಮಣಿ ಅಮ್ಮ

ಓದಿ ಕಣ್ಣು ತುಂಬಿತು ತಂಗಿ. ನಮ್ಮ ಊರಲ್ಲೂ ನಲವತ್ತರೊಳಗೆ ಗರ್ಭದ ಚೀಲ ತೆಗೆಸಿಕೊಂಡವರು ಬೀದಿಗೆ ನಾಲ್ಕು ಜನ ಇದ್ದಾರೆ. ಅವರಲ್ಲಿ ಯಾರಿಗೆ ಈ ಟೆಸ್ಟ್ ಮಾಡಿದ್ದಾರೋ.

ರಕ್ತಬೀಜ (ತಿಪಟೂರು)

ನಿಮ್ಮ ಮನೆಯಲ್ಲಿ ಸೋದರಮಾವನನ್ನೇ ಮದುವೆಯಾಗುವ ರೂಢಿ ಇದ್ದರೆ ಉಳಿದವರಿಗೂ ಹೇಳಿ. ಟೈಪ್ 1 ತಂದೆ ಅಥವಾ ತಾಯಿ ಒಬ್ಬರಿಂದ ಬಂದರೂ ಸಾಕು. ತೀವ್ರವಾದ ಟೈಪ್ 3 ಮಾತ್ರ ಇಬ್ಬರ ಕಡೆಯಿಂದಲೂ ಬರಬೇಕು, ರಕ್ತಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ಅದು ಜಾಸ್ತಿ ಕಾಣುತ್ತದೆ. ಹೆದರಿಸಲು ಹೇಳಿದ್ದಲ್ಲ. ಹಿಮೋಫಿಲಿಯಾದವರ ಸಂಘ ದಾವಣಗೆರೆಯಲ್ಲಿದೆ, ಕರ್ನಾಟಕ ಹಿಮೋಫಿಲಿಯಾ ಸೊಸೈಟಿ. ಅಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ.

ಅಂತರಗಂಗೆ ಹುಡುಗಿ (ಮೂರು ತಿಂಗಳ ನಂತರ)

ಮೂಗು ಏನಾಯ್ತು ಅಂತ ಮೆಸೇಜ್ ಮಾಡಿ ಕೇಳುತ್ತಿದ್ದೀರಿ. ಮೊದಲು ಕಿವಿ ಆಯಿತು. ನನ್ನದಲ್ಲ, ಅಮ್ಮನದು.

ಅಮ್ಮನ ಎಡಗಿವಿ ಹನ್ನೊಂದು ವರ್ಷದ ಹಿಂದೆ ಹರಿದಿತ್ತು. ಬೆಂಡೋಲೆಯ ಭಾರಕ್ಕೆ ತೂತು ಉದ್ದವಾಗಿ ಮೊದಲೇ ದಾರದಷ್ಟು ಉಳಿದಿತ್ತು, ಮಾಟಿ ಹಾಕಿ ಕೂದಲಿಗೆ ಸಿಕ್ಕಿಸಿ ಹೇಗೋ ನಡೆಸುತ್ತಿದ್ದರು. ಒಂದು ಮದುವೆಯಲ್ಲಿ ಎತ್ತಿಕೊಂಡ ಮಗು ಎಳೆಯಿತು. ಸೆರಗು ಪೂರ್ತಿ ಒದ್ದೆಯಾಗುವಷ್ಟು ರಕ್ತ. ಆವತ್ತಿನಿಂದ ಕಿವಿಗೆ ಕೈ ಹಾಕಿಸಲು ಅಮ್ಮ ಒಪ್ಪಿರಲಿಲ್ಲ. ಓಲೆಯನ್ನು ಹಿಂದಿನಿಂದ ಪ್ಲಾಸ್ಟರ್ ಅಂಟಿಸಿ ಹಾಕಿಕೊಳ್ಳುತ್ತಿದ್ದರು, ಆ ಕಡೆ ಕೂದಲು ಇಳಿಬಿಟ್ಟು. ನಾನು ಮೂಗು ತಿರುಗಿಸಿ ನಿಲ್ಲುವ ಹಾಗೆ, ಅವರು ಕಿವಿ ಮುಚ್ಚಿ ನಿಲ್ಲುತ್ತಿದ್ದರು. ನನಗೆ ಇದು ಇಷ್ಟು ವರ್ಷ ಕಣ್ಣಿಗೇ ಬಿದ್ದಿರಲಿಲ್ಲ.

ನನ್ನ ಮೂಗಿಗೆ ಅಂತ ಮೂರನೇ ಸರ್ಜನ್ ಹತ್ತಿರ ಹೋದಾಗ, ಅವರು ವೆಲ್ಲೂರಿನ ಪುಟ ಪೂರ್ತಿ ಓದಿ, ನಮ್ಮ ಎದುರಿಗೇ ಅಲ್ಲಿಗೆ ಫೋನ್ ಮಾಡಿ ಮಾತಾಡಿದರು. ನಾವು ಏಳುವ ಹೊತ್ತಿಗೆ ಅಮ್ಮ ಕೂದಲು ಸರಿಸಿ, "ಇದನ್ನೂ ಹೊಲಿಯೋಕಾಗುತ್ತಾ ಡಾಕ್ಟ್ರೇ?" ಅಂದರು.

ಒಂದು ಸೋಮವಾರ ಹತ್ತು ಗಂಟೆಗೆ ಮಾಡಿದರು. ಮೊದಲೇ ಡೆಸ್ಮೋಪ್ರೆಸಿನ್, ಟ್ರಾನೆಕ್ಸಾಮಿಕ್ ಮಾತ್ರೆ. ಕಿವಿಗೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್. ಹೊಲಿಗೆ ಮುಗಿದ ಮೇಲೆ ಸಿಸ್ಟರ್ ಅರ್ಧ ಗಂಟೆ ಗಾಜ್ ಒತ್ತಿ ಹಿಡಿದು ಕೂತರು. ರಾತ್ರಿ ನಾನು ಎರಡೆರಡು ಗಂಟೆಗೆ ಎದ್ದು ಟಾರ್ಚ್ ಹಾಕಿ ನೋಡಿದೆ. ದಿಂಬಿನ ಕವರ್ ಮೇಲೆ ಕುಂಕುಮದ ಬೊಟ್ಟಿನಷ್ಟು ಒಂದು ಕಲೆ, ಮಾರನೇ ದಿನ ಅದೂ ಇಲ್ಲ. ಹೊಲಿಗೆ ಬಿಚ್ಚಿಯಾಯಿತು. ಮೂರು ತಿಂಗಳು ಬಿಟ್ಟು ಗೆರೆಯ ಪಕ್ಕದಲ್ಲಿ ಹೊಸದಾಗಿ ಚುಚ್ಚಿಸಬಹುದು. ಅಮ್ಮ ಆಗಲೇ ಓಲೆಯನ್ನು ಅಂಟುವಾಳದ ನೀರಿನಲ್ಲಿ ಉಜ್ಜಿ ಡಬ್ಬಿಗೆ ಹಾಕಿಟ್ಟಿದ್ದಾರೆ. ಅಷ್ಟು ಭಾರದ್ದು ಬೇಡ ಅಂತ ಡಾಕ್ಟರ್ ಹೇಳಿದ್ದು ಕಿವಿಗೆ ಬಿದ್ದಿಲ್ಲ ಅನ್ನುವ ಥರ ಇದ್ದಾರೆ.

ನನ್ನದು ಮಾಡಿಸುತ್ತೇನೆ. ಹತ್ತು ದಿನ ಬೆಂಗಳೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಇರಬೇಕು, ಊತ ಪೂರ್ತಿ ಇಳಿದು ಮೂಗು ಕಾಣಲು ಒಂದು ವರ್ಷ ಬೇಕು ಅಂದಿದ್ದಾರೆ. ಎಕ್ಸ್‌ರೇ ಸಿಕ್ಕಿತು ಪಾಲಿಸಿ ಮಾಮ, ಮಾವನ ಮನೆ ಅಟ್ಟದಲ್ಲಿ. ಅರ್ಜಿ ಕೊಟ್ಟಿದ್ದೇನೆ, ಉತ್ತರ ಬಂದಿಲ್ಲ.

ಮುಳಬಾಗಿಲು ಮೇಷ್ಟ್ರು

ಒಳ್ಳೆಯದಾಗಲಿ ಮಗಳೇ. ಯಾವತ್ತು?

ಅಂತರಗಂಗೆ ಹುಡುಗಿ

ಅದೇ ಜಗಳ ನಡೀತಿದೆ ಮೇಷ್ಟ್ರೇ. ಸರ್ಜನ್‌ಗೆ ಸೋಮವಾರ ಬೆಳಗ್ಗೆ ಎಂಟು ಗಂಟೆಗೆ ಬೇಕು. ಅಮ್ಮ ಏಳೂವರೆಯಿಂದ ಒಂಬತ್ತು ರಾಹುಕಾಲ ಅನ್ನುತ್ತಾರೆ. ಮಂಗಳವಾರ ಅಂದರೆ ಅಜ್ಜಿ ಒಪ್ಪುವುದಿಲ್ಲ. ಬುಧವಾರ ಕೇಳಿದೆ, ಸರ್ಜನ್ ವೆಲ್ಲೂರಿನ ಪುಟದ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು.